ರಸ್ತೆಯ ಮೇಲಿನ ರಾಜಿ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವಕೀಲನಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಸಾಮಾನ್ಯ ಶಿಕ್ಷಕ. ಹಾಗಿದ್ದೂ ಇಂದು ಅಪಘಾತ ಮತ್ತು ವಿಮಾ ಪರಿಹಾರದ ಬಗ್ಗೆ ಮಾತನಾಡುತ್ತೇನೆಂದು ನಾನೇ ಕೇಳಿಕೊಂಡೆ. ಅದಕ್ಕೆ ಕಾರಣ ನನ್ನ ಕೈಯಿಂದಲೇ ಬರೆದ ಒಂದು ಚೀಟಿ. ಅದನ್ನು ಮೊದಲು ಹೇಳಿಬಿಡುತ್ತೇನೆ.

2022ರ ಡಿಸೆಂಬರ್ ತಿಂಗಳು. ಕಬ್ಬಿನ ಹಂಗಾಮು. ನಮ್ಮ ರಸ್ತೆಗಳ ಮೇಲೆ ಆ ದಿನಗಳಲ್ಲಿ ಹಗಲು ರಾತ್ರಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟಿ ಹೋಗುವುದು ತಮಗೆಲ್ಲ ಗೊತ್ತೇ ಇದೆ. ನನ್ನ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ವಿದ್ಯುತ್ ಮಗ್ಗದ ನೇಕಾರ. ರಾತ್ರಿ ಪಾಳಿ ಮುಗಿಸಿ ತನ್ನ ಬದಿಗೇ ಬೈಕಿನಲ್ಲಿ ಬರುತ್ತಿದ್ದ. ಹೊಲದ ದಾರಿಯಿಂದ ಒಂದು ಟ್ರ್ಯಾಕ್ಟರ್ ಹಿಂದೆ ಮುಂದೆ ನೋಡದೆ ರಸ್ತೆಗೆ ಬಂತು. ಬೈಕು ಹೋಗಿ ಟ್ರೇಲರಿನ ಮೂಲೆಗೆ ಬಡಿಯಿತು. ಕಾಲು ಮುರಿಯಿತು.

ಮರುದಿನ ಬೆಳಿಗ್ಗೆ ಹಿರಿಯರು ಕೂಡಿದರು. ಟ್ರ್ಯಾಕ್ಟರಿನ ಮಾಲೀಕನೂ ಬಂದ. ಅವನೂ ನಮ್ಮ ನಿಮ್ಮಂಥ ಸಣ್ಣ ರೈತ, ಕೈಮುಗಿದು ನಿಂತಿದ್ದ. "ಆಗಿದ್ದು ಆಗಿ ಹೋತು, ಪೊಲೀಸು, ಕೋರ್ಟು, ಕಚೇರಿ ಯಾಕ ಬೇಕು? ಇಲ್ಲೇ ಮುಗಿಸೋಣು" ಎಂದರು. ಹದಿನೈದು ಸಾವಿರಕ್ಕೆ ಮಾತಾಯಿತು. "ಮಾಸ್ತರ್ರೀ, ನಿಮ್ಮ ಅಕ್ಷರ ಚಲೋ ಅದಾವ, ನೀವ ಬರದ ಕೊಡ್ರಿ" ಎಂದು ನನ್ನ ಕೈಗೆ ಪೆನ್ನು ಕೊಟ್ಟರು. ನಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದೇ ತಿಳಿದು ಬರೆದೆ. "ಮುಂದೆ ಯಾವುದೇ ತಕರಾರು ಇರುವುದಿಲ್ಲ" ಎಂಬ ವಾಕ್ಯವನ್ನು ಯಾರೂ ಹೇಳಿರಲಿಲ್ಲ. ಬರವಣಿಗೆ ಚೆಂದ ಕಾಣಲೆಂದು ನಾನೇ ಸೇರಿಸಿದೆ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಲಿಗೆ ಹಾಕಿದ ರಾಡಿನ ಜಾಗದಲ್ಲಿ ಕೀವಾಯಿತು. ಮಿರಜಕ್ಕೆ ಕರೆದೊಯ್ದರು. ಎರಡನೆಯ ಶಸ್ತ್ರಚಿಕಿತ್ಸೆಯಾಯಿತು. ಲಕ್ಷಕ್ಕೆ ಮೀರಿ ಸಾಲವಾಯಿತು. ಮಗ್ಗದ ಮುಂದೆ ಎಂಟು ತಾಸು ನಿಲ್ಲುವ ಕಾಲು ಉಳಿಯಲಿಲ್ಲ. ಜೂನ್‌ನಲ್ಲಿ ಶಾಲೆ ಆರಂಭವಾದಾಗ ಆ ಹುಡುಗ ಒಂಬತ್ತನೆಯ ತರಗತಿಗೆ ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. "ಸರ್, ನಾ ಈಗ ಮಗ್ಗಕ್ಕ ಹೊಂಟೇನ್ರಿ" ಎಂದ. ಅಂದೇ ನಾನು ಒಬ್ಬ ವಕೀಲರ ಬಳಿ ಹೋದೆ. ಅವರು ಕೇಳಿದ ಮೊದಲ ಪ್ರಶ್ನೆ: "ಎಫ್.ಐ.ಆರ್. ಇದೆಯೇ?" ಇರಲಿಲ್ಲ. ಎರಡನೆಯದು: "ಅಪಘಾತವಾಗಿ ಎಷ್ಟು ದಿನ?" ಆರು ತಿಂಗಳು ದಾಟಿತ್ತು. ಮೂರನೆಯದು: "ಟ್ರ್ಯಾಕ್ಟರಿಗೆ ವಿಮೆ ಇತ್ತೇ?" ಇತ್ತು. ಪೂರ್ತಿ ಚಾಲ್ತಿಯಲ್ಲಿತ್ತು. ಅದನ್ನು ಕೇಳಬೇಕೆಂದು ಅಂದು ಕೂಡಿದ್ದ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆ ರೈತ ಕೂಡ ಸಾಲ ಮಾಡಿ ಹದಿನೈದು ಸಾವಿರ ತಂದಿದ್ದ.

ಹೀಗೆ ಇಬ್ಬರು ಬಡವರು ತಮ್ಮತಮ್ಮೊಳಗೆ ಲೆಕ್ಕ ಮುಗಿಸಿಕೊಂಡರು. ಕಂತು ಪಡೆದಿದ್ದ ವಿಮಾ ಕಂಪನಿ ಒಂದು ರೂಪಾಯಿಯನ್ನೂ ಕೊಡಬೇಕಾಗಲಿಲ್ಲ. ಇಂಥ ಚೀಟಿಯನ್ನು ನಮ್ಮಲ್ಲಿ ಇನ್ನು ಯಾರೂ ಬರೆಯಬಾರದು, ಬರೆಸಬಾರದು ಎಂಬುದೊಂದೇ ನನ್ನ ಇಂದಿನ ವಿನಂತಿ.

ವಿಮೆ ಯಾರಿಗಾಗಿ?

ಮೋಟಾರು ವಾಹನ ಕಾಯ್ದೆ, 1988ರ 146ನೆಯ ಕಲಮಿನ ಪ್ರಕಾರ ರಸ್ತೆಯ ಮೇಲೆ ಓಡುವ ಪ್ರತಿಯೊಂದು ವಾಹನಕ್ಕೂ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಕಡ್ಡಾಯ. ನಾವು ಇದನ್ನು ಪೊಲೀಸರಿಗೆ ತೋರಿಸುವ ಕಾಗದವೆಂದು ತಿಳಿದಿದ್ದೇವೆ. ಹಾಗಲ್ಲ. ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಮೊದಲಿನ ಇಬ್ಬರಾದರೆ, ಆ ವಾಹನದಿಂದ ಪೆಟ್ಟು ತಿಂದವನೇ ಮೂರನೆಯವನು. ಅವನನ್ನು ಕಾಯುವುದಕ್ಕಾಗಿಯೇ ಕಾಯ್ದೆ ಈ ವಿಮೆಯನ್ನು ಕಡ್ಡಾಯ ಮಾಡಿದೆ. ಎದುರಿನವನ ತಪ್ಪಿನಿಂದ ನಮಗೆ ಗಾಯವಾದರೆ, ಅವನ ವಾಹನದ ವಿಮಾ ಕಂಪನಿ ನಮಗೆ ಪರಿಹಾರ ಕೊಡಬೇಕು. ಸಾವು ಅಥವಾ ಗಾಯದ ಪರಿಹಾರವನ್ನು ತೀರ್ಮಾನಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ನಮ್ಮ ಭಾಗದಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯವೇ ಈ ಕೆಲಸವನ್ನೂ ಮಾಡುತ್ತದೆ.

ಅಪಘಾತ ಸಾಂಗಲಿಯಲ್ಲೇ ಆಗಿರಲಿ, ಪುಣೆಯಲ್ಲೇ ಆಗಿರಲಿ, ಅರ್ಜಿಯನ್ನು ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು. 166ನೆಯ ಕಲಮು ಈ ಅನುಕೂಲವನ್ನು ಕೊಟ್ಟಿದೆ. ದುಡಿಯಲು ಹೊರಗೆ ಹೋಗುವ ನಮ್ಮ ಜನ ಇದನ್ನು ನೆನಪಿಡಬೇಕು.

ಮೊದಲ ದಿನ ಮಾಡಬೇಕಾದುದು

ಮೊದಲು ಜೀವ. ಉಳಿದದ್ದೆಲ್ಲ ಆಮೇಲೆ. 108ಕ್ಕೆ ಅಥವಾ 112ಕ್ಕೆ ಕರೆ ಮಾಡಿರಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ಹಿಡಿದು ಕೂರಿಸುತ್ತಾರೆಂಬ ಹೆದರಿಕೆ ಬೇಡ. ಕಾಯ್ದೆಯ 134ಎ ಕಲಮು ಅಂಥ ಉಪಕಾರಿಗೆ ರಕ್ಷಣೆ ಕೊಟ್ಟಿದೆ. ಅವನ ಹೆಸರು ವಿಳಾಸವನ್ನು ಒತ್ತಾಯದಿಂದ ಕೇಳುವಂತಿಲ್ಲ. 2025ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದು ಕಟ್ಟದೆ ದೊರೆಯಬೇಕು. ಆಸ್ಪತ್ರೆಯಲ್ಲಿ ಇದನ್ನು ಕೇಳಿರಿ.

ಎರಡನೆಯದು, ಗುರುತು. ಇಂದು ಪ್ರತಿಯೊಬ್ಬರ ಕಿಸೆಯಲ್ಲೂ ಕ್ಯಾಮೆರಾ ಇದೆ. ವಾಹನಗಳನ್ನು ಸರಿಸುವ ಮೊದಲು ನಾಲ್ಕು ಫೋಟೋ ತೆಗೆಯಿರಿ: ವಾಹನಗಳು ನಿಂತ ಜಾಗ, ರಸ್ತೆಯ ಮೇಲಿನ ಟೈರಿನ ಗುರುತು, ನಂಬರ್ ಪ್ಲೇಟು, ಹಾನಿಯಾದ ಭಾಗ. ಟ್ರ್ಯಾಕ್ಟರ್ ಆಗಿದ್ದರೆ ಎಂಜಿನ್ನಿನ ನಂಬರ್ ಒಂದೇ ಸಾಲದು, ಟ್ರೇಲರಿಗೂ ಬೇರೆ ನೋಂದಣಿ ಇರುತ್ತದೆ. ಎರಡನ್ನೂ ಬರೆದುಕೊಳ್ಳಿರಿ. ಹಿಂದಿನ ಟ್ರೇಲರಿಗೆ ದೀಪ, ಪ್ರತಿಫಲಕ ಇರಲಿಲ್ಲವೆಂದರೆ ಅದೂ ಫೋಟೋದಲ್ಲಿ ಬರಲಿ. ನೋಡಿದವರಿಬ್ಬರ ಹೆಸರು, ಫೋನ್ ನಂಬರ್ ತೆಗೆದುಕೊಳ್ಳಿರಿ.

ಮೂರನೆಯದು, ಆಸ್ಪತ್ರೆಯಲ್ಲಿ ಹೇಳುವ ಮಾತು. ಹೇಗಾಯಿತೆಂದು ವೈದ್ಯರು ಕೇಳಿದಾಗ "ಬಿದ್ದು ಪೆಟ್ಟಾಗೈತಿ" ಎಂದು ಹೇಳಿಬಿಡುತ್ತೇವೆ. ಪೊಲೀಸ್ ಕಾಟ ತಪ್ಪಿತು ಎಂಬ ಸಮಾಧಾನ. ಆ ಒಂದು ಸಾಲು ಕೇಸ್ ಪೇಪರಿನಲ್ಲಿ ಉಳಿದುಬಿಡುತ್ತದೆ. ಮುಂದೆ ವಿಮಾ ಕಂಪನಿಯ ವಕೀಲರು ಅದನ್ನೇ ಎತ್ತಿ ತೋರಿಸಿ, "ಟ್ರ್ಯಾಕ್ಟರಿನ ಮಾತು ಮೊದಲ ದಿನ ಇರಲೇ ಇಲ್ಲ" ಎನ್ನುತ್ತಾರೆ. ಆದುದರಿಂದ ನಡೆದದ್ದನ್ನು ನಡೆದಂತೆಯೇ ಹೇಳಿರಿ, ಎಂ.ಎಲ್.ಸಿ. ಮಾಡಿಸಿರಿ. ಮಿರಜ ಅಥವಾ ಸಾಂಗಲಿಗೆ ನೇರವಾಗಿ ಒಯ್ದಿದ್ದರೆ ಇದು ಇನ್ನೂ ಮುಖ್ಯ. ಅಲ್ಲಿಯ ಮಾಹಿತಿ ನಮ್ಮ ಠಾಣೆಗೆ ಬಂದು ಸೇರಿತೇ ಎಂದು ಮನೆಯವರು ವಿಚಾರಿಸಬೇಕು.

ಪೊಲೀಸ್ ಠಾಣೆ

ಗಾಯಾಳುವೇ ಹೋಗಿ ಫಿರ್ಯಾದಿ ಕೊಡಬೇಕೆಂದಿಲ್ಲ. ವಿಷಯ ಗೊತ್ತಿರುವ ಯಾರಾದರೂ ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ, ಘಟನೆ ತಮ್ಮ ಹದ್ದಿನಲ್ಲಿ ಆಗಿಲ್ಲವೆಂದು ಠಾಣೆಯವರು ತಿರುಗಿ ಕಳಿಸುವಂತಿಲ್ಲ. ಮೊದಲು ಭಾರತೀಯ ದಂಡ ಸಂಹಿತೆಯ 279, 337, 338, 304ಎ ಎಂದು ಬರೆಯುತ್ತಿದ್ದ ಕಲಮುಗಳು ಈಗ ಭಾರತೀಯ ನ್ಯಾಯ ಸಂಹಿತೆಯ 281, 125 ಮತ್ತು 106 ಆಗಿವೆ. ಎಫ್.ಐ.ಆರ್. ಪ್ರತಿ ಫಿರ್ಯಾದಿದಾರನಿಗೆ ಉಚಿತವಾಗಿ ಸಿಗಬೇಕು. ಕೇಳಿ ಪಡೆಯಿರಿ, ಅಲ್ಲಿಯೇ ಓದಿರಿ. ವಾಹನದ ನಂಬರ್, ಸಮಯ, ಯಾವ ದಿಕ್ಕಿನಿಂದ ಯಾರು ಬಂದರು ಎಂಬುದು ಸರಿಯಾಗಿದೆಯೇ ನೋಡಿರಿ. ಓದಲು ಬಾರದವರ ಜೊತೆಗೆ ಓದು ಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಹೋಗಬೇಕು. ವಿದ್ಯಾರ್ಥಿಗಳೇ, ಆ ಕೆಲಸ ನಿಮ್ಮದು.

ತಪ್ಪು ಯಾರದೆಂದು ನಿರ್ಧಾರವಾಗುವುದು ನಮ್ಮ ಬಾಯಿಮಾತಿನಿಂದಲ್ಲ, ಕಾಗದಗಳಿಂದ. ಸ್ಥಳ ಪಂಚನಾಮೆ, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯ ಪ್ರಮಾಣಪತ್ರ, ದೋಷಾರೋಪಣ ಪಟ್ಟಿ, ಸಾವಾಗಿದ್ದರೆ ಶವ ಪಂಚನಾಮೆ ಮತ್ತು ಮರಣೋತ್ತರ ಪರೀಕ್ಷೆಯ ವರದಿ. ಮರಣೋತ್ತರ ಪರೀಕ್ಷೆ ಬೇಡವೆಂದು ಮನೆಯವರು ಹಟ ಹಿಡಿಯುವುದನ್ನು ನಾನು ಕಂಡಿದ್ದೇನೆ. ಮಯ್ಯತ್ತನ್ನು ಬೇಗ ದಫನ್ ಮಾಡಬೇಕೆಂಬ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ವರದಿ ಇಲ್ಲದಿದ್ದರೆ ಅಪಘಾತದಿಂದಲೇ ಸಾವಾಯಿತೆಂದು ತೋರಿಸುವುದು ಬಹಳ ಕಷ್ಟ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು ಅಪಘಾತದ ಮೊದಲ ವರದಿಯನ್ನು 48 ತಾಸುಗಳೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಕಳಿಸಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರ್ 15ರಂದು ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಆದೇಶಿಸಿತು. ನನ್ನ ವಿದ್ಯಾರ್ಥಿಯ ತಂದೆಗೆ ಅಪಘಾತವಾದದ್ದು ಅದೇ ತಿಂಗಳು. ಕಾನೂನು ಅವನ ಬಾಗಿಲಿಗೆ ಬಂದಿತ್ತು, ನಾವು ಬಾಗಿಲು ಹಾಕಿ ಚೀಟಿ ಬರೆಯುತ್ತಿದ್ದೆವು.

ಆರು ತಿಂಗಳು ಮತ್ತು ಇದ್ದತ್

ಈಗ ನಾನು ಹೇಳುವುದನ್ನು ವಿಶೇಷವಾಗಿ ತಾಯಂದಿರು ಕೇಳಬೇಕು. 2019ರ ತಿದ್ದುಪಡಿಯಿಂದ, 2022ರ ಏಪ್ರಿಲ್ 1ರಿಂದ ಆಚೆಗೆ, ಪರಿಹಾರದ ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಹಾಕಬೇಕೆಂಬ ನಿಯಮ ಬಂದಿದೆ. ಈ ಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಯಿತು. ಹೀಗಾಗಿ ತಡವಾದವರೂ ಆಸೆ ಬಿಡದೆ ವಕೀಲರನ್ನು ಕಾಣಬೇಕು. ಆದರೆ ಮಧ್ಯಂತರ ಆದೇಶವನ್ನು ನಂಬಿ ಯಾರೂ ಕೂರಬಾರದು. ಆರು ತಿಂಗಳೆಂದರೆ ಆರು ತಿಂಗಳು ಎಂದೇ ತಿಳಿಯಿರಿ. ಬಡ್ಡಿಯೂ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನಿಂದ ಸಿಗುವುದಿಲ್ಲ.

ಗಂಡ ತೀರಿಹೋದ ಹೆಣ್ಣುಮಗಳ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ. ಅಷ್ಟು ದಿನ ಅವಳು ಹೊರಗೆ ಬರುವುದಿಲ್ಲ. ಮನೆಯವರೂ ಇದ್ದತ್ ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಆರು ತಿಂಗಳಲ್ಲಿ ನಾಲ್ಕು ತಿಂಗಳು ಹತ್ತು ದಿನ ಕಳೆದರೆ ಉಳಿಯುವುದು ಐವತ್ತು ದಿನ. ಅಷ್ಟರಲ್ಲಿ ಕಾಗದ ಕೂಡಿಸಬೇಕು, ವಕೀಲರನ್ನು ಹುಡುಕಬೇಕು. ಎಷ್ಟೋ ಕುಟುಂಬಗಳ ಹಕ್ಕು ಹೀಗೆ ದುಃಖದ ಮರೆಯಲ್ಲೇ ಕಳೆದುಹೋಗುವ ಅಪಾಯವಿದೆ.

ಇದಕ್ಕೆ ದಾರಿ ಇದೆ. ಠಾಣೆಯ ಕಾಗದ, ಆಸ್ಪತ್ರೆಯ ಕಾಗದ ತರುವ ಕೆಲಸವನ್ನು ಮೈದುನ, ಅಣ್ಣ, ಮಾಮು ಯಾರಾದರೂ ಮೊದಲ ವಾರದಿಂದಲೇ ಮಾಡಬಹುದು. ವಕಾಲತ್ತಿಗೆ ಅವಳ ಸಹಿಯನ್ನು ಮನೆಯಲ್ಲಿಯೇ ತೆಗೆದುಕೊಳ್ಳಬಹುದು. ತಂದೆ ತಾಯಿ, ಮಕ್ಕಳು, ಹೆಂಡತಿ ಎಲ್ಲರೂ ಸೇರಿ ಒಂದೇ ಅರ್ಜಿ ಹಾಕುವುದರಿಂದ, ಸಾಕ್ಷಿ ಹೇಳುವ ದಿನ ಬರುವವರೆಗೆ ಅವಳು ನ್ಯಾಯಾಲಯಕ್ಕೆ ಬರಲೇಬೇಕಾದ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ಅಗತ್ಯಕ್ಕೆ ಹೊರಗೆ ಹೋಗುವ ಬಗ್ಗೆ ಸಂಶಯವಿದ್ದರೆ ಉಲಮಾಗಳನ್ನು ಕೇಳಿರಿ, ಆದರೆ ಮೊದಲ ವಾರವೇ ಕೇಳಿರಿ.

ಪರಿಹಾರದ ಲೆಕ್ಕ

ಪರಿಹಾರವೆಂದರೆ ನ್ಯಾಯಾಧೀಶರು ಕನಿಕರದಿಂದ ಕೊಡುವ ಮೊತ್ತವಲ್ಲ. ಅದಕ್ಕೆ ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕವಿದೆ. 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಗದಿ ಮಾಡಿದೆ.

ಒಂದು ಉದಾಹರಣೆ ಮಾಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುವ 35 ವರ್ಷದ ನೇಕಾರನೊಬ್ಬ ಅಪಘಾತದಲ್ಲಿ ತೀರಿಕೊಂಡನೆನ್ನಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಮುದಿ ತಾಯಿ. ಅವನು ಬದುಕಿದ್ದರೆ ಆದಾಯ ಬೆಳೆಯುತ್ತಿತ್ತು. 40 ವರ್ಷದೊಳಗಿನ ಸ್ವಂತ ದುಡಿಮೆಯವರಿಗೆ ಅದಕ್ಕಾಗಿ ಶೇಕಡಾ 40 ಸೇರಿಸುತ್ತಾರೆ. 21,000 ಆಯಿತು. ಅವನು ತನಗಾಗಿ ಖರ್ಚು ಮಾಡುತ್ತಿದ್ದ ಪಾಲನ್ನು ಕಳೆಯುತ್ತಾರೆ. ಅವಲಂಬಿತರು ನಾಲ್ಕರಿಂದ ಆರು ಜನರಿದ್ದರೆ ನಾಲ್ಕನೆಯ ಒಂದು ಭಾಗ. ಉಳಿದದ್ದು 15,750. ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 31ರಿಂದ 35 ವರ್ಷಕ್ಕೆ ಗುಣಕ 16. ಒಟ್ಟು 30,24,000 ರೂಪಾಯಿ. ಇದರ ಮೇಲೆ ಅಂತ್ಯಸಂಸ್ಕಾರ, ಸಂಗಾತಿಯ ಮತ್ತು ಪೋಷಕರ ಅಗಲಿಕೆ ಮುಂತಾದ ಬಾಬುಗಳು ಬೇರೆ.

ಹದಿನೈದು ಸಾವಿರದ ಚೀಟಿಯ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿರಿ.

ಇನ್ನು ಶಿಕ್ಷಕನಾಗಿ ನಾನು ಹೇಳಬೇಕಾದ ಎರಡು ಮಾತು ಇಲ್ಲಿವೆ. ಒಂದು, ವಯಸ್ಸು. ಅದೇ ನೇಕಾರನಿಗೆ 36 ವರ್ಷವಾಗಿದ್ದರೆ ಗುಣಕ 15 ಆಗುತ್ತದೆ, 1,89,000 ರೂಪಾಯಿ ಕಡಿಮೆಯಾಗುತ್ತದೆ. ನಮ್ಮ ಶಾಲೆಗಳ ದಾಖಲಾತಿ ಪುಸ್ತಕ ತೆರೆದರೆ ಎಷ್ಟೋ ಮಕ್ಕಳ ಜನ್ಮದಿನ ಜೂನ್ 1. ತಂದೆಗೆ ನೆನಪಿಲ್ಲ, ಮಾಸ್ತರರು ಒಂದನ್ನು ಬರೆದರು. ಆಧಾರ್ ಕಾರ್ಡಿನಲ್ಲಿ ಇನ್ನೊಂದು. 2024ರ ಅಕ್ಟೋಬರ್‌ನಲ್ಲಿ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿಯೇ ಸುಪ್ರೀಂ ಕೋರ್ಟು, ಆಧಾರ್ ಗುರುತಿನ ಪುರಾವೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲವೆಂದು ಹೇಳಿ, ಶಾಲೆ ಬಿಟ್ಟ ಪ್ರಮಾಣಪತ್ರದ ವಯಸ್ಸನ್ನೇ ಒಪ್ಪಿಕೊಂಡಿತು. ಎರಡು ವರ್ಷ ಮಾತ್ರ ಶಾಲೆಗೆ ಹೋಗಿದ್ದರೂ ಆ ಪ್ರಮಾಣಪತ್ರವನ್ನು ತೆಗೆದಿಟ್ಟುಕೊಳ್ಳಿರಿ.

ಎರಡು, ಹೆಸರು. ಒಂದು ಕಾಗದದಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಬರೀ ಎಂ.ಡಿ. ಪಡಿತರ ಚೀಟಿಯಲ್ಲಿ ಹುಸೇನಸಾಬ, ಬ್ಯಾಂಕಿನಲ್ಲಿ ಹುಸೇನ್, ಆಸ್ಪತ್ರೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು. ಉರ್ದುವಿನ ಒಂದೇ ಹೆಸರು ಕನ್ನಡಕ್ಕೆ ಬರುವಾಗ ನಾಲ್ಕು ರೂಪ ತಾಳುತ್ತದೆ. ಇವರೆಲ್ಲ ಒಬ್ಬರೇ ಎಂದು ಸಾಬೀತು ಮಾಡುವುದರಲ್ಲಿಯೇ ತಿಂಗಳುಗಳು ಹೋಗುತ್ತವೆ. ಇಂದು ಮನೆಗೆ ಹೋದಮೇಲೆ ನಿಮ್ಮ ಮನೆಯವರ ಎಲ್ಲ ಕಾಗದಗಳನ್ನು ಒಂದೆಡೆ ಹರಡಿ ಹೆಸರು ಹೊಂದುತ್ತವೆಯೇ ನೋಡಿರಿ. ಅಪಘಾತವಾಗುವ ಮೊದಲು ಮಾಡುವ ಕೆಲಸವಿದು.

"ನಮಗ ಪಗಾರದ ಚೀಟಿ ಇಲ್ಲ, ಆದಾಯ ಹೆಂಗ ತೋರಸೂದು?" ಎಂದು ಕೇಳುತ್ತೀರಿ. ಕರ್ನಾಟಕದ ಒಬ್ಬ ಕೂಲಿಕಾರನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು, ಕೂಲಿಯವನಿಂದ ಆದಾಯದ ಲಿಖಿತ ಪುರಾವೆ ನಿರೀಕ್ಷಿಸಲಾಗದೆಂದು ಹೇಳಿ ಅವನು ಹೇಳಿದ 4,500 ರೂಪಾಯಿಯನ್ನೇ ಒಪ್ಪಿತು. ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣ ತರಕಾರಿ ಮಾರುವ 24 ವರ್ಷದ ಯುವಕನದು. 2008ರ ಅಪಘಾತದಲ್ಲಿ ಕಾಲು ಕಳೆದುಕೊಂಡ. ತರಕಾರಿ ಮಾರುವವನಿಗೆ ಕಾಲು ಬೇಕು, ಹಾಗಾಗಿ ಅವನ ದುಡಿಮೆಯ ನಷ್ಟ ಶೇಕಡಾ 85 ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಇದರ ತಾತ್ಪರ್ಯವೆಂದರೆ, ಗಾಯ ಎಷ್ಟು ದೊಡ್ಡದೆಂಬುದಕ್ಕಿಂತ ಅದು ನಿಮ್ಮ ಕಸುಬನ್ನು ಎಷ್ಟು ಕಸಿದುಕೊಂಡಿತೆಂಬುದು ಮುಖ್ಯ. ನೇಕಾರನ ಕಾಲು, ದರ್ಜಿಯ ಬೆರಳು, ಗೌಂಡಿಯ ಭುಜ, ಇವುಗಳ ಲೆಕ್ಕವೇ ಬೇರೆ. ಚಿಕಿತ್ಸೆ ಮಾಡಿದ ವೈದ್ಯರಿಂದ ಅಂಗವಿಕಲತೆಯ ಪ್ರಮಾಣಪತ್ರ ಪಡೆಯಿರಿ. ಔಷಧದ ಒಂದು ಬಿಲ್ಲನ್ನೂ ಬಿಸಾಡಬೇಡಿರಿ.

ಗಾಡಿಯ ದುರಸ್ತಿ

ಮೈಗೆ ಏನೂ ಆಗದೆ ಗಾಡಿಗೆ ಮಾತ್ರ ಹಾನಿಯಾಗಿದ್ದರೆ ಎರಡು ದಾರಿಗಳಿವೆ. ನಿಮ್ಮ ಪಾಲಿಸಿ ಸಮಗ್ರ ವಿಮೆಯಾಗಿದ್ದರೆ ನಿಮ್ಮ ಕಂಪನಿಗೇ ಅದೇ ದಿನ ತಿಳಿಸಿರಿ. ಸರ್ವೇಯರ್ ನೋಡುವ ಮೊದಲು ದುರಸ್ತಿ ಮಾಡಿಸಬೇಡಿರಿ. ಹಣ ಬೇಗ ಸಿಗುತ್ತದೆ, ಆದರೆ ತಪ್ಪು ನಿಮ್ಮದಲ್ಲದಿದ್ದರೂ ಸಾಮಾನ್ಯವಾಗಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಅದು ಕಂತಿನಲ್ಲಿ ಶೇಕಡಾ 20ರಿಂದ 50ರವರೆಗಿನ ರಿಯಾಯಿತಿ. ಹಾನಿ ಚಿಕ್ಕದಾಗಿದ್ದರೆ ಎರಡನ್ನೂ ತೂಗಿ ನೋಡಿರಿ. ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾಗಿದ್ದರೆ, ದುರಸ್ತಿಯ ಖರ್ಚನ್ನು ಎದುರಿನವನ ಕಂಪನಿಯಿಂದ ನ್ಯಾಯಮಂಡಳಿಯ ಮೂಲಕ ಕೇಳಬೇಕು. ಫೋಟೋ, ಬಿಲ್ಲು, ಎಫ್.ಐ.ಆರ್. ಇಲ್ಲಿಯೂ ಬೇಕೇಬೇಕು. ಒಂದೇ ಖರ್ಚನ್ನು ಎರಡೂ ಕಡೆ ಕೇಳುವಂತಿಲ್ಲ.

ಕೆಲವು ಎಚ್ಚರಿಕೆಗಳು

ಗುದ್ದಿದ ವಾಹನ ಓಡಿಹೋಗಿ ಸಿಗದಿದ್ದರೂ ಕೈಚೆಲ್ಲಬೇಡಿರಿ. 161ನೆಯ ಕಲಮಿನಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಯಲ್ಲಿ ಅರ್ಜಿಯ ಬಗ್ಗೆ ವಿಚಾರಿಸಿರಿ. ತಪ್ಪು ಯಾರದೆಂದು ಸಾಬೀತು ಮಾಡಲು ಆಗದಿದ್ದಲ್ಲಿ 164ನೆಯ ಕಲಮಿನಡಿ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಎಂಬ ನಿಶ್ಚಿತ ಮೊತ್ತವಿದೆ. ಯಾವುದನ್ನು ಆರಿಸಬೇಕೆಂದು ವಕೀಲರೊಡನೆ ಕೂತು ಯೋಚಿಸಿರಿ, ಎರಡನ್ನೂ ಪಡೆಯಲಾಗದು.

ಟ್ರ್ಯಾಕ್ಟರಿನಲ್ಲಿ ಆಸನ ಚಾಲಕನಿಗೆ ಮಾತ್ರ. ಮದುವೆ, ಉರುಸು, ಜಾತ್ರೆಗಳಿಗೆ ಟ್ರೇಲರ್ ತುಂಬ ಜನ ಹೋಗುತ್ತೇವೆ. ಸರಕು ವಾಹನದಲ್ಲಿ ಪುಕ್ಕಟೆ ಪ್ರಯಾಣಿಕನಾಗಿ ಹೋದವನಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿದೆ. ಹೆಂಗಸರು ಮಕ್ಕಳನ್ನು ಹಾಗೆ ಕೂರಿಸಬೇಡಿರಿ.

ವಿದ್ಯಾರ್ಥಿಗಳೇ, ಹದಿನೆಂಟಾಗದೆ, ಲೈಸೆನ್ಸ್ ಇಲ್ಲದೆ ಅಬ್ಬಾನ ಬೈಕು ಮುಟ್ಟಬೇಡಿರಿ. 199ಎ ಕಲಮಿನಂತೆ ಶಿಕ್ಷೆ ನಿಮ್ಮ ತಂದೆಗೆ ಅಥವಾ ವಾಹನದ ಮಾಲೀಕನಿಗೆ: 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ನಾವು ಹಕ್ಕು ಕೇಳುವವರಾದರೆ ನಮ್ಮ ಗಾಡಿಯ ವಿಮೆಯೂ ಚಾಲ್ತಿಯಲ್ಲಿರಬೇಕು. ನಮ್ಮ ಗಾಡಿಯಿಂದ ಪೆಟ್ಟು ತಿಂದವನ ಮನೆಯಲ್ಲಿಯೂ ಶಾಲೆಗೆ ಹೋಗುವ ಮಗುವಿರುತ್ತದೆ.

ಆಸ್ಪತ್ರೆಯ ಬಾಗಿಲಲ್ಲಿ ಬಂದು "ನಾವೇ ಎಲ್ಲ ಮಾಡಿಸಿ ಕೊಡ್ತೀವಿ, ಬಂದದ್ದರಾಗ ಅರ್ಧ" ಎನ್ನುವ ದಲ್ಲಾಳಿಗಳಿಂದ ದೂರವಿರಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿರಿ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲಿಯೇ ಇದೆ. 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾಗುವುದು ತಪ್ಪಲ್ಲ. ಆದರೆ ಮೇಲೆ ಹೇಳಿದ ಲೆಕ್ಕವನ್ನು ಮೊದಲು ಮಾಡಿಕೊಂಡು ಹೋಗಿರಿ.

ಒಂದು ರೂಪಾಯಿಯನ್ನೂ ಸುಳ್ಳಿನಿಂದ ಕೇಳಬೇಡಿರಿ. ಇಲ್ಲದ ವಾಹನವನ್ನು ತೋರಿಸುವುದು, ವಯಸ್ಸು ತಿದ್ದುವುದು, ಸುಳ್ಳು ಸಾಕ್ಷಿ ಹೇಳಿಸುವುದು ದುನಿಯಾದಲ್ಲೂ ಅಪರಾಧ, ಆಖಿರತ್ತಿನಲ್ಲೂ ಜವಾಬು ಕೊಡಬೇಕಾದದ್ದು.

ಎರಡು ಸಂಶಯಗಳು

ಕೆಲವು ಹಿರಿಯರು ಕೇಳುತ್ತಾರೆ: "ಸತ್ತವರ ಮ್ಯಾಲ ರೊಕ್ಕ ತಗೊಳ್ಳೂದು ಸರಿಯೇನು? ವಿಮೆಯ ಹಣ ನಮಗ ಬೇಕೇನು?" ನಾನು ಆಲಿಮ್ ಅಲ್ಲ, ಫತ್ವಾ ಕೊಡಲಾರೆ. ವಿಮೆಯ ವಿಷಯವನ್ನು ಬಲ್ಲವರಲ್ಲಿ ಕೇಳಿರಿ. ಆದರೆ ತಪ್ಪಿ ಪ್ರಾಣ ಹೋದಾಗಲೂ ಸತ್ತವನ ಮನೆಯವರಿಗೆ ಪರಿಹಾರ ಸಲ್ಲಬೇಕೆಂಬ ದಿಯತ್‌ನ ಮಾತು ನಮಗೆ ಹೊಸದಲ್ಲ ಎಂಬುದನ್ನು ನೆನಪಿಸುತ್ತೇನೆ. ಯತೀಮ ಮಕ್ಕಳ ಪಾಲನ್ನು ಬಿಟ್ಟುಕೊಡುವ ಅಧಿಕಾರ ಕೂಡಿದ ಹಿರಿಯರಿಗೆ ಇದೆಯೇ ಎಂಬುದನ್ನೂ ಆಲಿಮರಲ್ಲಿ ಕೇಳಿರಿ. ನ್ಯಾಯಮಂಡಳಿಯಂತೂ ಸಣ್ಣ ಮಕ್ಕಳ ಪಾಲನ್ನು ಸಾಮಾನ್ಯವಾಗಿ ಅವರು ದೊಡ್ಡವರಾಗುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತದೆ.

ಎರಡನೆಯ ಸಂಶಯ, ಊರಿನ ಸ್ನೇಹ ಕೆಡುತ್ತದೆಂಬುದು. ವಿಮೆಯಿರುವ ವಾಹನದ ಮೇಲೆ ಅರ್ಜಿ ಹಾಕಿದರೆ ಸಾಮಾನ್ಯವಾಗಿ ಹಣ ಕೊಡುವುದು ಕಂಪನಿ, ಮಾಲೀಕನಲ್ಲ. ಆ ರೈತ ನಿಜ ಹೇಳಿ ಪಾಲಿಸಿಯ ಪ್ರತಿಯನ್ನು ಕೊಟ್ಟಿದ್ದರೆ ಅವನ ಹದಿನೈದು ಸಾವಿರವೂ ಉಳಿಯುತ್ತಿತ್ತು, ಸ್ನೇಹವೂ ಉಳಿಯುತ್ತಿತ್ತು.

ಹಕ್ಕು, ಅರ್ಜಿ, ವಕೀಲ, ಫಿರ್ಯಾದಿ, ದಾಖಲೆ, ರಾಜಿ. ಕಚೇರಿಯ ಈ ಮಾತುಗಳನ್ನು ಕನ್ನಡ ತರಗತಿಯಲ್ಲೂ ಕಲಿಸುತ್ತೇನೆ, ಉರ್ದು ತರಗತಿಯಲ್ಲೂ ಕಲಿಸುತ್ತೇನೆ. ಎರಡರಲ್ಲೂ ಅವೇ ಮಾತುಗಳು. ಹಾಗಿದ್ದೂ ಕಚೇರಿ ನಮಗೆ ಪರಕೀಯವೆಂದು ಹೆದರುತ್ತೇವೆ. ಉರ್ದುವಿನಲ್ಲಿ ರಾಜಿ ಎಂದರೆ ಮನಸಾರೆ ಒಪ್ಪಿದವನು. ಆಸ್ಪತ್ರೆಯಲ್ಲಿ ಮಲಗಿದ್ದವನನ್ನು ಕೇಳದೆ, ಲೆಕ್ಕ ತಿಳಿಸದೆ ನಾನು ಬರೆದದ್ದು ರಾಜಿಯಾಗಿರಲಿಲ್ಲ.

ಸಂಸ್ಥೆಗೆ ನನ್ನದೊಂದು ಸಲಹೆ. ಪ್ರತಿ ಮೊಹಲ್ಲಾದಲ್ಲಿ ಓದಿದ ಇಬ್ಬರು ಯುವಕ ಯುವತಿಯರು ಈ ಕೆಲಸ ತಿಳಿದುಕೊಂಡಿರಲಿ. ಅಪಘಾತವಾದ ದಿನ ಆ ಮನೆಗೆ ಹೋಗಿ ಒಂದು ಫೈಲು ತೆರೆಯಲಿ, ಕ್ಯಾಲೆಂಡರಿನಲ್ಲಿ ಆರು ತಿಂಗಳ ದಿನಕ್ಕೆ ಗುರುತು ಹಾಕಲಿ. ಯಾವ ಜಾತಿ ಧರ್ಮದವರ ಮನೆಯಾದರೂ ಸರಿ. ನಾವು ಶಿಷ್ಯವೇತನಕ್ಕೆಂದು ಮನೆಮನೆ ತಿರುಗಿ ಚಂದಾ ಕೂಡಿಸುತ್ತೇವೆ. ಒಂದು ಮನೆಯ ಪರಿಹಾರ ಸರಿಯಾಗಿ ಬಂದರೆ ಆ ಮನೆಯ ಮಕ್ಕಳು ಯಾರ ಚಂದಾಕ್ಕೂ ಕಾಯದೆ ಓದುತ್ತಾರೆ.

ಆ ಹುಡುಗ ಈಗಲೂ ಮಗ್ಗಕ್ಕೆ ಹೋಗುತ್ತಾನೆ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಲು ಒಪ್ಪಿಸಿದ್ದೇನೆ. ವಾರಕ್ಕೆ ಮೂರು ರಾತ್ರಿ ನನ್ನ ಮನೆಗೆ ಓದಲು ಬರುತ್ತಾನೆ. ಅವನಿಗಾಗಿ ದುಆ ಮಾಡಿರಿ.